ಅರಿಸಿನಕ್ಕೆ ಬಿದ್ದರೆ ಮೂರು ರನ್

ಗೊತ್ತಿಲ್ಲ ಎಂದು ಹೇಳಲು ಬಾರದಿರುವುದು ಮೇಷ್ಟ್ರುಗಳಿಗೆ ಅಂಟಿಕೊಳ್ಳುವ ಒಂದು ಕಾಯಿಲೆ. ಬೇರೆ ಕೆಲಸದವರಿಗೆ ಇದು ಇಷ್ಟು ಜೋರಾಗಿ ಅಂಟುವುದಿಲ್ಲ. ಹಾಲಿನ ಗಾಡಿ ಯಾಕೆ ಬಂದಿಲ್ಲ ಎಂದು ಡೈರಿಯವನನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತಾನೆ. ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕಂಡಕ್ಟರನ್ನು ಕೇಳಿದರೆ ಗೊತ್ತಿದ್ದೂ ಗೊತ್ತಿಲ್ಲ ಎನ್ನುತ್ತಾನೆ. ನಾನಾದರೋ ಮೂವತ್ತೆರಡು ವರ್ಷ ಚಾಮರಾಜನಗರದ ಸುತ್ತಮುತ್ತಲ ಶಾಲೆಗಳಲ್ಲಿ ಗಣಿತ ಪಾಠ ಮಾಡಿದವನು. ಕೇಳಿದ್ದಕ್ಕೆಲ್ಲ ಏನಾದರೊಂದು ಉತ್ತರ ಕೊಟ್ಟು ಕೊಟ್ಟು ಅದೇ ಅಭ್ಯಾಸವಾಗಿ, ರಿಟೈರ್ ಆದ ಮೇಲೂ ಬಿಟ್ಟಿಲ್ಲ. ದಾರಿಯಲ್ಲಿ ಹೋಗುವವರು ದಾರಿ ಕೇಳಿದರೆ, ಆ ಊರು ಎಲ್ಲಿದೆಯೆಂದು ನನಗೇ ತಿಳಿಯದಿದ್ದರೂ ಕೈ ತಾನಾಗಿಯೇ ಎದ್ದು ಯಾವುದೋ ದಿಕ್ಕನ್ನು ತೋರಿಸಿಬಿಡುತ್ತದೆ. ಹೀಗಿರುವಾಗ ನಮ್ಮೂರ ಕ್ರಿಕೆಟ್ ಕ್ಲಬ್ಬಿನ ಕ್ಯಾಪ್ಟನ್ ಮಾದೇವ ಒಂದು ಬೆಳಿಗ್ಗೆ ಬಂದು, ಜಗುಲಿಯ ಮೇಲೆ ಕೂತು, "ಮೇಷ್ಟ್ರೇ, ಕ್ಲಬ್ಬಿಗೆ ಹತ್ತು ವರ್ಸ ತುಂಬ್ತು. ಒಂದು ಪುಸ್ತಕ ಮಾಡ್ಸನ ಅಂತ ತೀರ್ಮಾನ ಮಾಡಿವಿ. ಇತಿಹಾಸ ನೀವೇ ಬರ್ಕೊಡ್ಬೇಕು" ಎಂದಾಗ ನಾನು ಆಗಲಿ ಎಂದುಬಿಟ್ಟೆ. ಇತಿಹಾಸ ಎಂದರೆ ಏನು ಮಹಾ, ಹತ್ತು ವರ್ಷ ಸ್ಕೋರು ಬರೆದವನು ನಾನೇ ಅಲ್ಲವೇ ಎಂದುಕೊಂಡೆ. ಆ ಸ್ಕೋರು ಪುಸ್ತಕಗಳು ನನ್ನ ಬೀರುವಿನಲ್ಲೇ ಇದ್ದವು.

ಮೊದಲ ವಾಕ್ಯದಲ್ಲೇ ತೊಡಕು ಬಂತು. ಕ್ಲಬ್ಬು ಯಾವ ವರ್ಷ ಶುರುವಾಯಿತು ಎಂಬುದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ತಗಡು ಗಾಳಿಗೆ ಹಾರಿಹೋದ ವರ್ಷ ಎಂದು ಒಬ್ಬರು, ತಮ್ಮ ಎಮ್ಮೆ ಅವಳಿ ಕರು ಹಾಕಿದ ವರ್ಷ ಎಂದು ಇನ್ನೊಬ್ಬರು. ತಗಡು ಮೊದಲು ಹಾರಿತೋ ಎಮ್ಮೆ ಮೊದಲು ಕರು ಹಾಕಿತೋ ಎಂದು ವಿಚಾರಿಸಲು ಹೋದರೆ ಇಬ್ಬರಿಗೂ ಜಗಳ. ಕೊನೆಗೆ ಮಾದೇವನನ್ನೇ, ಹಾಗಾದರೆ ಹತ್ತು ವರ್ಷ ಎಂದು ಯಾವ ಲೆಕ್ಕದಲ್ಲಿ ಹೇಳಿದೆ ಎಂದು ಕೇಳಿದೆ. "ಒಂಬತ್ತು ವರ್ಸಕ್ಕೆ ಯಾರೂ ಪುಸ್ತಕ ಮಾಡಲ್ಲ ಕಣೇಳಿ ಮೇಷ್ಟ್ರೇ" ಎಂದ. ಹೆಸರಿನದೂ ಇದೇ ಕತೆ. ಮೊದಲು ಊರಬಾಗಿಲು ಗೆಳೆಯರ ಬಳಗ ಎಂದಿತ್ತು. ಅದೇ ವರ್ಷ ಸೂಪರ್ ಇಲೆವೆನ್ ಎಂದಾಯಿತು, ಆಗ ತಂಡದಲ್ಲಿ ಇದ್ದವರು ಒಂಬತ್ತೇ ಜನ. ಹತ್ತನೆಯವನಾಗಿ ಎದುರು ಪಾರ್ಟಿಯವರಲ್ಲೇ ಒಬ್ಬರನ್ನು ಎರವಲು ಪಡೆಯುತ್ತಿದ್ದೆವು. ಹನ್ನೊಂದನೆಯವನಾಗಿ ಒಂದು ಸಲ ನನ್ನನ್ನೇ ನಿಲ್ಲಿಸಿದ್ದರು. ಕನ್ನಡಕ ಹಾಕಿಕೊಂಡವನು ಚೆಂಡು ಹಿಡಿಯಲಾರ ಎಂಬುದು ಆವತ್ತು ಎಲ್ಲರಿಗೂ ಖಾತ್ರಿಯಾಗಿ, ಕೂಡಲು ಕಳೆಯಲು ಬರುತ್ತದಲ್ಲ ಎಂದು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಅಲ್ಲಿಂದ ಹತ್ತು ವರ್ಷ ನಾನು ಕ್ಲಬ್ಬಿನ ಸ್ಕೋರರು.

ಇನ್ನು ನಮ್ಮ ಗ್ರೌಂಡಿನ ವಿಷಯ ಹೇಳಬೇಕು. ನಮ್ಮೂರು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿದೆ. ಊರ ಹೊರಗಿನ ಒಂದೂವರೆ ಎಕರೆ ಗಟ್ಟಿ ಬಯಲೇ ನಮ್ಮ ಗ್ರೌಂಡು. ಅದು ದೇವೀರಮ್ಮನವರಿಗೆ ಸೇರಿದ್ದು. ಊರಿಗೆಲ್ಲ ಅವರು ದೊಡ್ಡವ್ವ. ತುಂಬಿದ ಮನೆಯ ಯಜಮಾನಿ, ಎಪ್ಪತ್ತು ದಾಟಿದ್ದರೂ ಹೊಲದ ಕೆಲಸ ಬಿಟ್ಟವರಲ್ಲ. ಬಯಲಿನಲ್ಲಿ ಆಡಿಕೊಳ್ಳಲು ಅವರು ಯಾವತ್ತೂ ಬೇಡ ಎನ್ನಲಿಲ್ಲ. ಆದರೆ ಅರಿಸಿನದ ಕಾಲ ಬಂತೆಂದರೆ ಬೇಯಿಸಿದ ಅರಿಸಿನವನ್ನು ಒಣಗಿಸಲು ಅಷ್ಟು ಗಟ್ಟಿ ನೆಲ ಊರಿನಲ್ಲಿ ಇನ್ನೊಂದಿಲ್ಲ. ಹಾಗಾಗಿ ಶಿವರಾತ್ರಿಯ ಆಸುಪಾಸಿನಲ್ಲಿ, ಅಂದರೆ ಪಂದ್ಯಗಳು ಜೋರಾಗಿ ನಡೆಯುವ ಹೊತ್ತಿಗೇ ಸರಿಯಾಗಿ, ಗ್ರೌಂಡಿನ ಒಂದು ಕಡೆ ಉದ್ದಕ್ಕೂ ಅರಿಸಿನ ಹರಡಿರುತ್ತಿತ್ತು. ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು, ಕೊಡೆ ಬಿಡಿಸಿಕೊಂಡು, ಎಲೆಅಡಿಕೆ ಹಾಕಿಕೊಂಡು ದೊಡ್ಡವ್ವ ಕೂತಿರುತ್ತಿದ್ದರು. ಚೆಂಡು ಅರಿಸಿನದ ಮೇಲೆ ಬಿದ್ದರೆ ಫೀಲ್ಡರು ಶೂ ಬಿಚ್ಚಿಯೇ ಒಳಗೆ ಕಾಲಿಡಬೇಕು, ದೇವರಿಗೆ ಹೋಗುವ ವಸ್ತು ನೋಡಿ. ಅವನು ಲೇಸು ಬಿಚ್ಚುವಷ್ಟರಲ್ಲಿ ಬ್ಯಾಟ್ಸ್‌ಮನ್ನುಗಳು ಆರು ರನ್ನು ಏಳು ರನ್ನು ಓಡಿಬಿಡುತ್ತಿದ್ದರು. ಒಮ್ಮೆ ಒಂದೇ ಚೆಂಡಿಗೆ ಹನ್ನೊಂದು ಓಡಿದ್ದು ನನ್ನ ಪುಸ್ತಕದಲ್ಲಿದೆ, ಲೇಸು ಗಂಟು ಬಿದ್ದಿತ್ತು. ಇದು ಸರಿಹೋಗುವುದಿಲ್ಲವೆಂದು ಕೂತು ಮಾತಾಡಿ ಒಂದು ಕಾನೂನು ಮಾಡಿದೆವು. ಅರಿಸಿನಕ್ಕೆ ಬಿದ್ದರೆ ಮೂರು ರನ್, ಓಡುವುದೂ ಬೇಡ, ಅಟ್ಟಿಸಿಕೊಂಡು ಹೋಗುವುದೂ ಬೇಡ. ಹೊರಗಿನಿಂದ ಬಂದ ಪಾರ್ಟಿಗಳಿಗೆ ಟಾಸಿಗಿಂತ ಮೊದಲು ಇದನ್ನು ತಿಳಿಸಿ ಹೇಳುವುದು ಸ್ಕೋರರಾದ ನನ್ನ ಕೆಲಸವಾಗಿತ್ತು.

ಕ್ಲಬ್ಬಿನ ಇತಿಹಾಸದಲ್ಲಿ ಹೇಳಿಕೊಳ್ಳುವಂಥ ಸಂಗತಿ ಒಂದೇ. ನಾಲ್ಕನೆಯದೋ ಐದನೆಯದೋ ವರ್ಷ ಗುಂಡ್ಲುಪೇಟೆಯವರನ್ನು ನಾವು ಒಂದು ರನ್ನಿನಲ್ಲಿ ಸೋಲಿಸಿದ್ದು. ಅದಕ್ಕೆ ಮುಂಚೆಯೂ ಅವರೇ ಗೆದ್ದಿದ್ದರು, ಆಮೇಲೂ ಪ್ರತಿವರ್ಷ ಅವರೇ ಗೆದ್ದಿದ್ದಾರೆ. ಆವತ್ತು ಮಾತ್ರ ಗೆದ್ದವರು ನಾವು. ನಾವು ಹೊಡೆದದ್ದು ಎಪ್ಪತ್ತೆರಡು. ಕೊನೆಯ ಚೆಂಡಿಗೆ ಅವರದು ಎಪ್ಪತ್ತು ಆಗಿತ್ತು, ಗೆಲ್ಲಲು ಮೂರು ಬೇಕು. ಬ್ಯಾಟು ಹಿಡಿದಿದ್ದವನು ಅವರ ಕ್ಯಾಪ್ಟನ್ ರಫೀಕ್, ಗುಂಡ್ಲುಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವವನು. ಗೋಪಾಲಸ್ವಾಮಿ ಬೆಟ್ಟ ಕಾಣುವ ಕಡೆಗೆ ಅವನು ಎತ್ತಿ ಬಾರಿಸಿದ. ಅಲ್ಲಿ ನಿಂತಿದ್ದವನು ಮಾದೇವ. ಮಾದೇವ ಯಾವಾಗಲೂ ಬರಿಗಾಲಿನಲ್ಲೇ ಆಡುವವನು. ಓಡಿ ಚೆಂಡು ಎತ್ತಿ ಎಸೆದ. ಅಷ್ಟರಲ್ಲಿ ರಫೀಕ್ ಒಂದು ರನ್ನು ಓಡಿ, ಅದೇನಾಯಿತೋ, ನಿಂತುಬಿಟ್ಟ. ಎಪ್ಪತ್ತೊಂದಕ್ಕೆ ಆಟ ಮುಗಿಯಿತು. ರಫೀಕ್ ಏನೋ ತಕರಾರು ತೆಗೆಯಲು ಮಾದೇವನ ಹತ್ತಿರ ಬಂದ. ಮಾದೇವ ಅವನ ಹೆಗಲ ಮೇಲೆ ಕೈ ಹಾಕಿ ಕಿವಿಯಲ್ಲಿ ಏನೋ ಹೇಳಿದ. ರಫೀಕ್ ತಕರಾರು ಬಿಟ್ಟು ಕೈಕುಲುಕಿದ. ನಮ್ಮವರು ಮಾದೇವನನ್ನು ಹೆಗಲ ಮೇಲೆ ಹೊತ್ತುಕೊಂಡು ಊರೆಲ್ಲ ಸುತ್ತಿದರು. ಆ ಚೆಂಡನ್ನು ನನ್ನ ಕೈಗೆ ಕೊಟ್ಟು, "ನೀವೇ ಮಡಿಕಳಿ ಮೇಷ್ಟ್ರೇ, ನಿಮ್ಮನೇಲಾದ್ರೆ ಯಾರೂ ಮುಟ್ಟಲ್ಲ" ಎಂದರು. ಅಂದಿನಿಂದ ಅದು ನಮ್ಮ ಮನೆಯ ಶೋಕೇಸಿನಲ್ಲಿದೆ.

ಇದನ್ನು ಬರೆಯಲು ಕೂತಾಗ, ರಫೀಕ್ ನಿಂತುಬಿಟ್ಟ ಎಂಬಲ್ಲಿಗೆ ಬಂದು ನನ್ನ ಪೆನ್ನೂ ನಿಂತಿತು. ಯಾಕೆ ನಿಂತ? ಮೂರು ರನ್ನು ಬೇಕಿದ್ದವನು ಒಂದಕ್ಕೆ ಯಾಕೆ ನಿಲ್ಲುತ್ತಾನೆ? ಪರೀಕ್ಷೆಯಲ್ಲಿ ಹುಡುಗರು ಲೆಕ್ಕದ ನಡುವಿನ ಹೆಜ್ಜೆ ಹಾರಿಸಿ ಉತ್ತರ ಬರೆದರೆ ಮೂವತ್ತೆರಡು ವರ್ಷ ಮಾರ್ಕು ಕತ್ತರಿಸಿದವನಿಗೆ ಇಂಥದನ್ನು ಹಾರಿಸಿ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಇಲ್ಲಿ ಒಂದು ತಪ್ಪೊಪ್ಪಿಗೆಯನ್ನೂ ಮಾಡಿಬಿಡುತ್ತೇನೆ. ಆ ಕೊನೆಯ ಚೆಂಡನ್ನು ನಾನು ನೋಡಿರಲಿಲ್ಲ. ಹಿಂದಿನ ಓವರಿನ ವೈಡುಗಳನ್ನು ಸೇರಿಸಿದ್ದೇನೋ ಇಲ್ಲವೋ ಎಂದು ಗಾಬರಿಯಾಗಿ ತಲೆ ತಗ್ಗಿಸಿ ಕೂಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಚೆಂಡು ಆಗಲೇ ವಾಪಸ್ಸು ಬಂದಿತ್ತು. ಅಂಪೈರಾಗಿದ್ದ ಡೈರಿ ಸೆಕ್ರೆಟರಿ ಶಿವಣ್ಣನಿಗೆ ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ದೂರದಿಂದ ಮಾದೇವ "ಒಂದೇ ಕಣ, ಒಂದೇ" ಎಂದು ಕೂಗಿದ. ಶಿವಣ್ಣ ಒಂದು ಬೆರಳು ಎತ್ತಿದ, ನಾನು ಒಂದು ಎಂದು ಬರೆದೆ. ಆ ಒಂದರ ಮೇಲೆ ನಮ್ಮ ಕ್ಲಬ್ಬಿನ ಹತ್ತು ವರ್ಷದ ಗೌರವವೆಲ್ಲ ಕೂತಿದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಮಾದೇವನನ್ನು ಕೇಳಿದೆ. ಅವನು ತೋಟದಲ್ಲಿ ಪೈಪು ಜೋಡಿಸುತ್ತಿದ್ದ. "ಸುಸ್ತಾಗಿತ್ತೇನೋ ಬುಡಿ ಮೇಷ್ಟ್ರೇ" ಎಂದ. ಹಾಗಾದರೆ ಕಿವಿಯಲ್ಲಿ ಏನು ಹೇಳಿದೆ ಎಂದೆ. "ಕಿವಿಲಾ? ನಾನಾ? ಏನೋ ಊಟ ಮಾಡ್ಕಂಡೋಗಿ ಅಂದಿರ್ಬೇಕು" ಎಂದು ಮತ್ತೆ ಪೈಪಿನ ಕಡೆ ತಿರುಗಿದ. ಊಟ ಮಾಡಿಕೊಂಡು ಹೋಗಿ ಎನ್ನುವುದನ್ನು ನಮ್ಮ ಕಡೆ ಯಾರೂ ಕಿವಿಯಲ್ಲಿ ಹೇಳುವುದಿಲ್ಲ, ಇಡೀ ಬೀದಿಗೆ ಕೇಳುವಂತೆ ಹೇಳುತ್ತಾರೆ. ಶಿವಣ್ಣನನ್ನು ಕೇಳಿದರೆ, "ನೀವು ಬರ್ಕಂಡಿದ್ದೀರಲ್ಲ ಮೇಷ್ಟ್ರೇ, ಅದ್ಕಿಂತ ಸಾಕ್ಷಿ ಬೇಕಾ?" ಎಂದ. ನಾನು ಅವನ ಬೆರಳನ್ನು ನಂಬಿ ಬರೆದವನು, ಅವನು ನನ್ನ ಬರಹವನ್ನು ನಂಬಿ ನಿಶ್ಚಿಂತೆಯಾಗಿದ್ದವನು. ಇನ್ನು ಯಾರನ್ನು ಕೇಳುವುದೋ ತಿಳಿಯದೆ ಮನೆಗೆ ಬಂದು, ಶೋಕೇಸಿನ ಮುಂದೆ ನಿಂತು ಆ ಚೆಂಡನ್ನೇ ನೋಡತೊಡಗಿದೆ. ಕೆಂಪು ಚರ್ಮದ ಚೆಂಡು, ಒಂದು ಪಕ್ಕ ರೂಪಾಯಿ ನಾಣ್ಯದಗಲ ಹಳದಿ. ಆ ಹಳದಿ ಮೊದಲಿಂದಲೂ ಇದೆ. ಆಯುಧಪೂಜೆಯ ದಿನ ನನ್ನ ಹೆಂಡತಿ ಸ್ಕೂಟರಿನಿಂದ ಹಿಡಿದು ಈಳಿಗೆಮಣೆ, ಮಿಕ್ಸಿ, ನನ್ನ ಹಳೆಯ ಜ್ಯಾಮಿಟ್ರಿ ಬಾಕ್ಸಿನವರೆಗೆ ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚುವವಳು, ಚೆಂಡಿಗೂ ಹಚ್ಚಿದ್ದಾಳೆ ಎಂದೇ ನಾನು ತಿಳಿದಿದ್ದೆ.

"ಈ ಚೆಂಡಿಗೆ ಅರಿಸಿನ ಹಚ್ಚಿದ್ದು ಯಾವ ವರ್ಷ?" ಎಂದು ಸುಮ್ಮನೆ ಕೇಳಿದೆ. ಅವಳು ಅಡುಗೆಮನೆಯಿಂದ ಇಣುಕಿ, "ನಾನ್ಯಾಕ್ರೀ ಹಚ್ಲಿ? ತೊಗಲಿನ್ ಚೆಂಡ್ನ ದೇವ್ರ್ ಮುಂದ್ಕೆ ತಂದವ್ಳಾ ನಾನು? ನೀವ್ ತಂದಾಗ್ಲೇ ಹಂಗಿತ್ತು" ಎಂದಳು. ಅವಳು ಬಂದು ಚೆಂಡು ಕೈಗೆತ್ತಿಕೊಂಡು, ಉಗುರಿನಲ್ಲಿ ಕೆರೆದು ನೋಡಿದಳು. ಅವಳು ಕುದೇರಿನವಳು, ಅರಿಸಿನದ ಹೊಲಗಳ ನಡುವೆಯೇ ಬೆಳೆದವಳು. "ಇದು ಪುಡಿಯಲ್ಲ. ಬೇಯ್ಸಿ ಆಗ್ತಾನೆ ಹರಡಿದ್ದ ಹಸಿ ಅರಿಸಿನದ ಕಲೆ. ಬಟ್ಟೆಗಾದ್ರೆ ಜನ್ಮಕ್ಕೂ ಹೋಗಲ್ಲ" ಎಂದು ಅಲ್ಲೇ ಇಟ್ಟು ಒಗ್ಗರಣೆ ಸೀಯುತ್ತಿದೆಯೆಂದು ಒಳಗೆ ಹೋದಳು. ಇಷ್ಟು ವರ್ಷ ದಿನಾ ಕಣ್ಣೆದುರಿಗೇ ಇದ್ದ ಸಾಕ್ಷಿಯನ್ನು ನೋಡಿಯೂ ನನಗೆ ಏನೂ ಅನ್ನಿಸಿರಲಿಲ್ಲ. ಬಂದವರಿಗೆಲ್ಲ ಅಭಿಮಾನದಿಂದ ತೋರಿಸಿ, ಹಳದಿ ಪಕ್ಕ ಮುಂದೆ ಬರುವಂತೆ ತಿರುಗಿಸಿ ಬೇರೆ ಇಡುತ್ತಿದ್ದೆ, ಚೆನ್ನಾಗಿ ಕಾಣುತ್ತದೆ ಎಂದು.

ಮಾರನೆಯ ದಿನವೇ ಗುಂಡ್ಲುಪೇಟೆಗೆ ಬಸ್ಸು ಹತ್ತಿದೆ. ರಫೀಕ್ ಮಿಷನ್ನಿನ ಮುಂದೆ ಕೂತು ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ. ನನ್ನನ್ನು ಕಂಡವನೇ ಎದ್ದು ಸ್ಟೂಲು ಹಾಕಿ, ಎದುರಿನ ಕೇರಳದವರ ಅಂಗಡಿಯಿಂದ ಟೀ ತರಿಸಿದ. ನಾನು ಸುತ್ತಿ ಬಳಸದೆ, ಆವತ್ತು ಒಂದಕ್ಕೇ ಯಾಕಪ್ಪ ನಿಂತೆ ಎಂದು ಕೇಳಿದೆ. ಅವನು ಕತ್ತರಿ ಕೆಳಗಿಟ್ಟು ನಕ್ಕ. "ನೀವೇ ಹೇಳಿದ್ರಲ್ಲ ಸಾರ್, ಅರಿಸಿನಕ್ಕೆ ಬಿದ್ರೆ ಮೂರು, ಓಡ್ಬೇಡಿ ಅಂತ. ಬಿತ್ತು, ನೋಡ್ದೆ, ನಿಂತ್ಕೊಂಡೆ." ಹಾಗಾದರೆ ಜಗಳ ಯಾಕೆ ಮಾಡಲಿಲ್ಲ ಎಂದೆ. "ಮಾಡೋಕೇ ಹೋದೆ ಸಾರ್. ಮಾದೇವಣ್ಣ ಕಿವೀಲಿ ಹೇಳ್ದ. ಬಾಲು ಅರಿಸಿನಕ್ಕೆ ಬಿತ್ತು ಅಂತ ಆದ್ರೆ ಅಜ್ಜಿ ನಾಳೆಯಿಂದ ಗ್ರೌಂಡ್ ಕೊಡಲ್ವಂತೆ, ಹಿಂದಿನ ಭಾನುವಾರ ಮಾತು ಹೇಳ್ಬಿಟ್ಟಿದಾರಂತೆ. ಬೇಕಾದ್ರೆ ಮುಂದಿನ ವರ್ಷ ಗೆದ್ಕೊ, ಗ್ರೌಂಡ್ ಉಳ್ಸು ಅಂದ. ನಮ್ ಹುಡುಗ್ರಿಗೂ ಆಡೋಕೆ ಬೇರೆ ಜಾಗ ಎಲ್ಲಿದೆ ಸಾರ್? ಬಿಟ್ಬಿಟ್ಟೆ. ಆಮೇಲೆ ವರ್ಷಾ ವರ್ಷಾ ಗೆದ್ಕೊಂಡ್ವಲ್ಲ" ಎಂದು ನನ್ನ ಶರ್ಟಿನ ಕಾಲರನ್ನು ನೋಡಿ, ಹರಿದಿದೆ, ಬಿಚ್ಚಿಕೊಡಿ ಈಗಲೇ ತಿರುಗಿಸಿ ಹೊಲಿದುಕೊಡುತ್ತೇನೆ ಎಂದ. ಬನಿಯನ್ನಿನಲ್ಲಿ ಕೂತು ಟೀ ಕುಡಿಯುತ್ತ ನಾನು ಯೋಚನೆಗೆ ಬಿದ್ದೆ. ಗೆದ್ದಿದ್ದೇವೆ ಎಂದುಕೊಂಡ ಪಂದ್ಯವನ್ನು ಸೋತಿದ್ದೆವು. ಸುಳ್ಳು ಹೇಳಿದ್ದಾನೆ ಎಂದು ಮಾದೇವನನ್ನು ಬಯ್ಯೋಣವೆಂದರೆ ಅವನು ಗೆಲ್ಲಲು ಸುಳ್ಳು ಹೇಳಿರಲಿಲ್ಲ.

ದೊಡ್ಡವ್ವ ಹೇಳಿದ್ದ ಆ ಮಾತು ನನಗೂ ನೆನಪಿತ್ತು. ಹಿಂದಿನ ಭಾನುವಾರ ಯಾವುದೋ ಊರಿನವನೊಬ್ಬ ಶೂ ಹಾಕಿಕೊಂಡೇ ಅರಿಸಿನ ತುಳಿದಿದ್ದ. ದೊಡ್ಡವ್ವ ಕೊಡೆ ಮಡಚಿ ಎದ್ದು ನಿಂತು, "ಇನ್ನೊಂದೇ ಒಂದು ಬಾಲು ನನ್ನ ಅರಿಸಿನದ್ ಮೇಲ್ ಬೀಳ್ಲಿ, ಮಾರ್ನೆ ದಿನ್ವೇ ಈ ಬಯ್ಲಿಗೆ ಏರು ಕಟ್ಟಿಸಿ ಉತ್ತಾಕಿಸ್ತೀನಿ" ಎಂದಿದ್ದರು. ಆ ಹೆಂಗಸು ಆಡಿದ ಮಾತಿಗೆ ತಪ್ಪಿದ್ದು ಊರಿನಲ್ಲಿ ಯಾರೂ ಕಂಡಿಲ್ಲ. ಎಂದೋ ಒಮ್ಮೆ ಬೆಳಗಿನ ಬಸ್ಸಿನ ಕಂಡಕ್ಟರ್ ಅವರ ಬುಟ್ಟಿಯನ್ನು ಟಾಪಿನ ಮೇಲೆ ಹಾಕು ಎಂದಿದ್ದಕ್ಕೆ, ಈ ಬಸ್ಸಿಗೆ ಇನ್ನು ಕಾಲಿಡುವುದಿಲ್ಲ ಎಂದಿದ್ದರು. ಆ ಕಂಡಕ್ಟರು ವರ್ಗವಾಗಿ ಹೋದ, ಆ ಬಸ್ಸು ಗುಜರಿಗೆ ಹೋಯಿತು, ಅದರ ಜಾಗಕ್ಕೆ ಹೊಸ ಬಸ್ಸು ಬಂತು. ಈಗಲೂ ದೊಡ್ಡವ್ವ ಚಾಮರಾಜನಗರಕ್ಕೆ ಹೋಗಬೇಕಾದರೆ ಆ ಹೊತ್ತಿನ ಬಸ್ಸು ಬಿಟ್ಟು ಒಂದೂವರೆ ಗಂಟೆ ಕಾಯುತ್ತಾರೆ. ಅಂಥವರ ಮುಂದೆ, ಅವರದೇ ಬಯಲಿನಲ್ಲಿ ನಡೆಯುವ ಹತ್ತು ವರ್ಷದ ಸಮಾರಂಭದಲ್ಲಿ, ಅವರಿಗೇ ಶಾಲು ಹೊದಿಸಿ ಕೂರಿಸಿ, ನಾನು ಬರೆದ ಇತಿಹಾಸವನ್ನು ಮೈಕಿನಲ್ಲಿ ಓದುವುದೆಂದು ಮಾದೇವ ಕಾರ್ಯಕ್ರಮ ಹಾಕಿಕೊಂಡಿದ್ದ. ನಿಜ ಬರೆದರೆ ಗ್ರೌಂಡು ಹೋಗುತ್ತದೆ. ಸುಳ್ಳು ಬರೆದರೆ ಅತಿಥಿಯಾಗಿ ಬಂದು ಕೂತಿರುವ ರಫೀಕನ ಮುಖವನ್ನು ನಾನು ಹೇಗೆ ನೋಡಲಿ? ನಾಲ್ಕು ದಿನ ಬರೆದೆ, ಹರಿದೆ. ಹೆಂಡತಿ ಆ ಹಾಳೆಗಳನ್ನು ಒಲೆ ಹಚ್ಚಲು ಒಟ್ಟುಮಾಡಿ ಇಟ್ಟುಕೊಂಡಳು.

ಐದನೆಯ ದಿನ ದೊಡ್ಡವ್ವನೇ ಹೇಳಿಕಳಿಸಿದರು, ಬರೆದದ್ದನ್ನು ತಂದು ಒಂದು ಸಲ ಓದಿ ಹೇಳಬೇಕಂತೆ. ಹೋದೆ. ಅರಿಸಿನದ ಕಾಲವೇ, ಬಯಲಿನ ಅಂಚಿನಲ್ಲಿ ಅದೇ ಗೋಣಿಚೀಲ, ಅದೇ ಕೊಡೆ. ಆಚೆ ಪ್ರಾಕ್ಟೀಸು ನಡೆಯುತ್ತಿತ್ತು. ತಗಡು ಹಾರಿದ್ದು ಓದಿದೆ, ಎಮ್ಮೆ ಕರು ಹಾಕಿದ್ದು ಓದಿದೆ. ದೊಡ್ಡವ್ವ ತಲೆ ಆಡಿಸುತ್ತ ಕೇಳಿದರು. ಗುಂಡ್ಲುಪೇಟೆ ಪಂದ್ಯಕ್ಕೆ ಬಂದೆ. ರಫೀಕ್ ಎತ್ತಿ ಬಾರಿಸಿದ ಎಂದು ಓದಿದೆ. ಮುಂದೆ ಹಾಳೆ ಖಾಲಿ.

"ಯಾಕ್ ನಿಲ್ಸುಬುಟ್ರಿ ಮೇಷ್ಟ್ರೇ? ಬಾಲು ಎಲ್ಲಿಗ್ ಬಿತ್ತು ಏಳಿ" ಎಂದರು.

ಯಾವ ದಿಕ್ಕನ್ನೂ ತೋರಿಸಲು ಈ ಸಲ ಕೈ ಏಳಲಿಲ್ಲ. "ಗೊತ್ತಿಲ್ಲ ದೊಡ್ಡವ್ವ" ಎಂದೆ. ಆ ಮಾತು ಬಾಯಿಂದ ಬಂದಾಗ ನನಗೇ ನಾಚಿಕೆಯಾಯಿತು.

ದೊಡ್ಡವ್ವ ಎಲೆಯ ರಸ ಪಕ್ಕಕ್ಕೆ ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. "ನನ್ ಮುಂದ್ಗಡೇನೇ ಬಿತ್ತಲ್ಲ, ಇಷ್ಟ್ ದೂರ್ದಲ್ಲಿ. ಆವತ್ತೇ ಬೇಯ್ಸಿ ಹಾಕಿದ್ದ ಅರಿಸ್ನ. ಮಾದೇವ್ನ್ ಕಾಲು ಮಂಡಿಗಂಟ ಅಳದಿ ಆಗಿತ್ತು, ನೀವು ನೋಡ್ನಿಲ್ವಾ?"

"ನೋಡಿಯೂ ಯಾಕೆ ಸುಮ್ಮನಿದ್ರಿ?"

"ಏಳಿದ್ರೆ ಆಟ ನಿಲ್ಲಿಸ್ಬೇಕಾಗಿತ್ತಲ್ಲ. ಆಡ್ಬುಟ್ಟಿದ್ನಲ್ಲ ಮಾತ. ಅದ್ಕೇ ಆಕಡೀಕ್ ತಿರುಗ್ಕಂಡು ಎಲೆ ಮಡಿಸ್ತಾ ಕುಂತ್ಕಂಡೆ." ಆಮೇಲೆ ಬಯಲಿನ ಕಡೆ ಕೈ ತೋರಿಸಿದರು. "ಇವ್ರೆಲ್ಲ ಇಲ್ಲಿ ನಿಂತಿರ್ತಾರ, ಒಂದು ದನ ಇತ್ತಾಗ್ ಬರಲ್ಲ, ಒಂದು ಕೋತಿ ಇಳಿಯಲ್ಲ, ಒಂದು ನಾಯಿ ಬಂದು ಅರಿಸ್ನದ ಮೇಲ್ ಮಲಗಲ್ಲ. ಅತ್ತತ್ತು ಜನ ಕಾವ್ಲು. ಏರು ಕಟ್ಟಿದ್ರೆ ನಾನೊಬ್ಳೇ ಕೋಲ್ ಇಡ್ಕಂಡು ಓಡಾಡ್ಬೇಕಾಗಿತ್ತು. ಅದೂ ಅಲ್ದೆ," ಎಂದು ಕೊಡೆ ಸರಿಸಿಕೊಂಡು, "ನೋಡಕ್ಕೂ ಚಂದಾಗ್ ಆಡ್ತವ್ರೆ ಕಣೇಳಿ, ಸೋತ್ರೂವೆ" ಎಂದರು.

ನನಗೆ ಹಗುರಾಯಿತು. ಹಾಗಾದರೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆಯೇ ಬರೆದುಬಿಡುತ್ತೇನೆ ಎಂದೆ. ದೊಡ್ಡವ್ವನ ಮುಖ ಗಂಭೀರವಾಯಿತು. "ಅಂಗೆಲ್ಲ ಬರ್ದೀರಿ, ಜ್ವಾಕೆ. ಮೈಕ್ನಲ್ಲಿ ಓದ್ಬುಟ್ರೆ ನನ್ ಕಿವಿಗ್ ಬಿದ್ದಂಗಾಯ್ತದ. ಕಿವಿಗ್ ಬಿದ್ಮೇಲೆ ಮಾತು ಮಾತೇ, ಏರು ಕಟ್ಲೇಬೇಕು."

ಹಾಗಾದರೆ ಏನು ಬರೆಯಲಿ, ನೀವೇ ಹೇಳಿ ಎಂದು ಅಂಗಲಾಚಿದೆ.

"ನೀವು ನೋಡ್ದಂಗೇ ಬರೀರಿ. ಮಾದೇವ ನೋಡವ್ನ, ಆ ಗುಂಡ್ಲುಪೇಟೆ ಟೈಲರಪ್ಪ ನೋಡವ್ನ, ನಾನು ನೋಡಿವ್ನಿ, ಇಲ್ಲಿ ನಿಂತಿದ್ದೋರೆಲ್ಲ ನೋಡವ್ರ. ನೋಡ್ದೆ ಇದ್ದೋರು ನೀವೊಬ್ರೇ, ತಲೆ ತಗ್ಗಿಸ್ಕಂಡು ಕೂಡ್ತಾ ಕುಂತಿದ್ರಿ. ಮಾದೇವ ಬಂದು, ದೊಡ್ಡವ್ವ, ಇತಿಹಾಸವ ಯಾರ್ ಕೈಲಿ ಬರ್ಸದು ಅಂತ ಕೇಳ್ದ. ನಮ್ ಮೇಷ್ಟ್ರ ಕೈಲೇ ಬರ್ಸು, ಅವ್ರಿಗೇ ಏನೂ ಗೊತ್ತಿಲ್ಲ ಅಂದೆ."

ಮೂವತ್ತೆರಡು ವರ್ಷದ ಸರ್ವೀಸು, ಹತ್ತು ವರ್ಷದ ಸ್ಕೋರು ಪುಸ್ತಕ, ನನ್ನ ಅಕ್ಷರ, ನನ್ನ ಪ್ರಾಮಾಣಿಕತೆ, ಇವನ್ನೆಲ್ಲ ನೋಡಿ ಊರು ನನ್ನನ್ನು ಆರಿಸಿದೆ ಎಂದುಕೊಂಡಿದ್ದೆ. ಮನೆಗೆ ಬಂದು ಖಾಲಿ ಬಿಟ್ಟಿದ್ದ ಜಾಗದಲ್ಲಿ, "ಕೊನೆಯ ಚೆಂಡು ಎಲ್ಲಿಗೆ ಬಿತ್ತೆಂಬುದು ಸ್ಕೋರರಿಗೆ ಗೊತ್ತಿಲ್ಲ" ಎಂದು ಬರೆದೆ. ಸಮಾರಂಭದಲ್ಲಿ ಅದನ್ನು ಓದಿದಾಗ ಮಾದೇವ ನೆಲ ನೋಡಿದ, ರಫೀಕ್ ಆಕಾಶ ನೋಡಿದ, ದೊಡ್ಡವ್ವ ಶಾಲಿನೊಳಗೆ ಎಲೆ ಮಡಿಸುತ್ತಿದ್ದರು. ಇಡೀ ಇತಿಹಾಸದಲ್ಲಿ ಜನ ಚಪ್ಪಾಳೆ ತಟ್ಟಿದ್ದು ಆ ಒಂದು ವಾಕ್ಯಕ್ಕೆ ಮಾತ್ರ.